ಪೊಟ್ಟಣದಲ್ಲಿ ಬಂದ ಚಾಕು, ಕುಲುಮೆಯಲ್ಲಿ ಹುಟ್ಟಿದ ಚಾಕು

ಕಳೆದ ದೀಪಾವಳಿಗೆ ಮಗಳು ಅಂತರ್ಜಾಲದ ಅಂಗಡಿಯೊಂದರಿಂದ ಕೊಂಡು ನಮ್ಮ ಮನೆಗೆ ಒಂದು ಚಾಕುವನ್ನು ಕಳುಹಿಸಿದಳು. ಅಲಗಿನ ಮೇಲೆ ನೀರಿನ ಅಲೆಗಳಂತಹ ಗೆರೆಗಳಿದ್ದವು. ಪೆಟ್ಟಿಗೆಯ ಮೇಲೆ ‘ಡಮಾಸ್ಕಸ್ ಉಕ್ಕು’ ಎಂದು ಬರೆದಿತ್ತು. ನನ್ನ ಶ್ರೀಮತಿ ಅದನ್ನು ಮೆಚ್ಚಿಯೇ ಬಳಸಿದಳು. ಆದರೆ ಸಂಕ್ರಾಂತಿಯ ಹೊತ್ತಿಗೆ ಅದು ಟೊಮೆಟೊ ಹಣ್ಣಿನ ಸಿಪ್ಪೆಯ ಮೇಲೆ ಜಾರತೊಡಗಿತು. ಪಾತ್ರೆ ತಿಕ್ಕುವ ನಾರು ತಗುಲಿ ಅಲೆಗಳೂ ಮಾಸಿದವು. ಅವು ಉಕ್ಕಿನೊಳಗೆ ಹುಟ್ಟಿದವಲ್ಲ, ಮೇಲೆ ಮೂಡಿಸಿದವು. ಮಾರಿದವರಿಗೆ ಬರೆದಾಗ, ಹಿಂದಿರುಗಿಸುವ ಅವಧಿ ಮುಗಿದಿದೆ ಎಂಬ ಎರಡು ಸಾಲಿನ ಉತ್ತರ ಬಂದಿತು.

ಅದೇ ಅಡುಗೆಮನೆಯ ಮೂಲೆಯಲ್ಲಿ ನಮ್ಮ ಹಳೆಯ ಈಳಿಗೆ ಮಣೆ ಇದೆ. 1974ರಲ್ಲಿ, ನಾನು ಬಯಲುಸೀಮೆಯ ಹಳ್ಳಿಯೊಂದರಲ್ಲಿ ಮೇಷ್ಟ್ರಾಗಿದ್ದಾಗ, ಅಲ್ಲಿನ ಕಮ್ಮಾರರು ಲಾರಿಯ ಹಳೆಯ ಕಮಾನು ಪಟ್ಟಿಯಿಂದ ಅದನ್ನು ತಟ್ಟಿ ಕೊಟ್ಟಿದ್ದರು. ಆ ಊರಿನಲ್ಲಿ ಇನ್ನೂ ಆಯದ ಪದ್ಧತಿ ಉಳಿದಿತ್ತು. ರೈತರು ಕಮ್ಮಾರರಿಗೆ ಕುಡುಗೋಲೊಂದಕ್ಕೆ ಇಷ್ಟು ಎಂದು ಹಣ ಕೊಡುತ್ತಿರಲಿಲ್ಲ. ಸುಗ್ಗಿಯಲ್ಲಿ ಕಣದಿಂದ ರಾಗಿ ಅಳೆದು ಕೊಡುತ್ತಿದ್ದರು. ಅದಕ್ಕೆ ಪ್ರತಿಯಾಗಿ ವರ್ಷವಿಡೀ ಕುಳ ತಟ್ಟುವುದು, ಮಚ್ಚು ಹರಿತ ಮಾಡುವುದು, ಹಿಡಿ ಸಡಿಲವಾದರೆ ಬಿಗಿಮಾಡುವುದು ಎಲ್ಲವೂ ಅವರ ಹೊಣೆ. ಆಯುಧವನ್ನು ಕೊಳ್ಳುವುದು ಎಂಬ ಮಾತಿಗಿಂತ, ಅದನ್ನು ಮಾಡಿದವರ ಬಳಿ ಮತ್ತೆ ಮತ್ತೆ ಹೋಗುವುದು ಎಂಬ ಮಾತೇ ಅಲ್ಲಿಗೆ ಹೆಚ್ಚು ಸಲ್ಲುತ್ತಿತ್ತು.

ಆ ಕಮ್ಮಾರರ ಮಗ ನನ್ನ ತರಗತಿಯಲ್ಲಿದ್ದ. ಒಂದು ದಿನ ಭೂಗೋಳದ ಪಾಠದಲ್ಲಿ ‘ಇಂಗ್ಲೆಂಡಿನ ಶೆಫೀಲ್ಡ್ ಚಾಕು ಕತ್ತರಿಗಳಿಗೆ ಪ್ರಸಿದ್ಧ’ ಎಂದು ಓದಿಸುತ್ತಿದ್ದೆ. ಹುಡುಗ ಎದ್ದು ನಿಂತು, “ನಮ್ಮಪ್ಪನೂ ಚಾಕು ಮಾಡ್ತಾರೆ ಸಾರ್” ಎಂದ. ನಾನು ನಕ್ಕು, “ಅದು ಹಳ್ಳಿ ಚಾಕು ಕಣಪ್ಪ, ಇದು ಜಗತ್ತಿನ ಮಾತು” ಎಂದುಬಿಟ್ಟೆ. ತರಗತಿಯೂ ನಕ್ಕಿತು. ಹುಡುಗ ಕುಳಿತುಕೊಂಡ. ಚರಿತ್ರೆಯ ಪುಸ್ತಕಗಳನ್ನು ಬಿಡುವಾಗಿ ಓದಲು ನನಗೆ ಸಾಧ್ಯವಾದದ್ದು ನಿವೃತ್ತಿಯ ನಂತರ. ಆಗ ನನ್ನ ಆ ಮಾತು ಎಷ್ಟು ತಪ್ಪೆಂಬುದು ತಿಳಿಯಿತು.

1800-01ರಲ್ಲಿ ಫ್ರಾನ್ಸಿಸ್ ಬುಕನನ್ ಮೈಸೂರು ಸೀಮೆಯಲ್ಲಿ ಸಂಚರಿಸಿ, 1807ರಲ್ಲಿ ತನ್ನ ವರದಿಯನ್ನು ಪ್ರಕಟಿಸಿದ. ಮಾಗಡಿಯ ಆಸುಪಾಸಿನಲ್ಲಿ ಉಕ್ಕು ತಯಾರಿಸುತ್ತಿದ್ದ ಬಗೆಯನ್ನು ಅವನು ವಿವರವಾಗಿ ಬರೆದಿದ್ದಾನೆ. ಕಬ್ಬಿಣದ ತುಂಡನ್ನು ತಂಗಡಿ ಗಿಡದ ಕಡ್ಡಿ ಹಾಗೂ ಹಸಿರೆಲೆಗಳೊಡನೆ ಮಣ್ಣಿನ ಮೂಸೆಯಲ್ಲಿಟ್ಟು, ಬಾಯನ್ನು ಮಣ್ಣಿನಿಂದ ಮೆತ್ತಿ, ಇದ್ದಿಲ ಕುಲುಮೆಯಲ್ಲಿ ತಿದಿಯೊತ್ತಿ ಕಾಯಿಸುತ್ತಿದ್ದರು. ಕಡ್ಡಿ ಎಲೆಗಳ ಇಂಗಾಲವನ್ನು ಹೀರಿ ಕಬ್ಬಿಣವು ಉಕ್ಕಾಗುತ್ತಿತ್ತು. ದಕ್ಷಿಣ ಭಾರತದ ಇಂತಹ ಉಕ್ಕಿನ ಗಟ್ಟಿಗಳು ಶತಮಾನಗಳ ಕಾಲ ಕಡಲು ದಾಟಿ ಪಶ್ಚಿಮ ಏಷ್ಯಾಕ್ಕೆ ಹೋದವು. ಅಲ್ಲಿನ ಕುಶಲಿಗಳು ಅವನ್ನು ತಟ್ಟಿದಾಗ ಅಲಗಿನ ಮೇಲೆ ಅಲೆಯಂತಹ ಗೆರೆಗಳು ತಾವಾಗಿಯೇ ಮೂಡುತ್ತಿದ್ದವು. ಡಮಾಸ್ಕಸ್ ಖಡ್ಗಗಳೆಂದು ಲೋಕ ಕೊಂಡಾಡಿದ್ದು ಇವನ್ನೇ.

1794ರಲ್ಲಿ ಮುಂಬಯಿಯಲ್ಲಿದ್ದ ವೈದ್ಯ ಹೆಲೆನಸ್ ಸ್ಕಾಟ್ ಈ ಉಕ್ಕಿನ ಮಾದರಿಗಳನ್ನು ಲಂಡನ್ನಿನ ರಾಯಲ್ ಸೊಸೈಟಿಯ ಅಧ್ಯಕ್ಷ ಜೋಸೆಫ್ ಬ್ಯಾಂಕ್ಸ್‌ಗೆ ಕಳುಹಿಸಿದ. ಅವರು ಅದನ್ನು ‘ವೂಟ್ಜ್’ ಎಂದು ಕರೆದರು. ಕನ್ನಡ ತೆಲುಗುಗಳೆರಡರಲ್ಲಿಯೂ ಇರುವ ‘ಉಕ್ಕು’ ಎಂಬ ಪದವೇ ಹೀಗೆ ರೂಪಗೆಟ್ಟಿತೆಂಬುದು ಬಹುಮಂದಿ ವಿದ್ವಾಂಸರ ಅಭಿಪ್ರಾಯ. ಜೇಮ್ಸ್ ಸ್ಟೋಡಾರ್ಟ್ ಎಂಬ ಲಂಡನ್ನಿನ ಚಾಕು ತಯಾರಕ ಅದರಿಂದ ಒಂದು ಲೇಖನಿ ಚಾಕು ಮಾಡಿ ಪರೀಕ್ಷಿಸಿದ. ಯೂರೋಪಿನ ಅತ್ಯುತ್ತಮ ಉಕ್ಕಿಗಿಂತಲೂ ಇದೇ ಮೇಲೆಂದು ತನ್ನ ಅಂಗಡಿಯ ಪ್ರಚಾರಪತ್ರದಲ್ಲಿ ಸಾರಿದ. ಮುಂದೆ ಅವನೊಡನೆ ಸೇರಿ ಉಕ್ಕಿನ ಮೇಲೆ ಪ್ರಯೋಗ ನಡೆಸಿದವನು ಮೈಕೆಲ್ ಫ್ಯಾರಡೆ. 1819ರಲ್ಲಿ ವೂಟ್ಜನ್ನು ವಿಶ್ಲೇಷಿಸಿದ. ನಾನು ವಿದ್ಯುತ್ತಿನ ಪಾಠದಲ್ಲಿ ಹೆಸರಿಸುತ್ತಿದ್ದ ಆ ಫ್ಯಾರಡೆಯೂ ಕಮ್ಮಾರನ ಮಗನೇ.

ದೂರದ ಸರಕನ್ನು ಕೊಳ್ಳುವುದು ಇಂದಿನ ಹೊಸ ರೋಗವಲ್ಲ ಎಂಬುದನ್ನು ಈ ಕಥೆಯೇ ತೋರಿಸುತ್ತದೆ. ಆದರೆ ಒಂದು ವ್ಯತ್ಯಾಸವನ್ನು ಗಮನಿಸಬೇಕು. ಆಗ ದೂರ ಪಯಣಿಸಿದ್ದು ಉಕ್ಕು. ಚಾಕು ತಟ್ಟುವವನು ಕೊಳ್ಳುವವನ ಊರಿನಲ್ಲಿಯೇ ಇದ್ದ. ಸ್ಟೋಡಾರ್ಟನ ಗಿರಾಕಿ ಮಾಗಡಿಯನ್ನು ಕಂಡವನಲ್ಲ, ಆದರೆ ಮೊಂಡಾದ ಚಾಕುವನ್ನು ಅದೇ ಅಂಗಡಿಗೆ ಒಯ್ಯಬಲ್ಲವನಾಗಿದ್ದ.

ಚಾಕುವೇ ಸಿದ್ಧವಾಗಿ ದೂರದಿಂದ ಬರತೊಡಗಿದಾಗ, ಕೊಳ್ಳುವವನು ಮನುಷ್ಯನ ಮುಖಕ್ಕೆ ಬದಲು ಅಲಗಿನ ಮೇಲಿನ ಮುದ್ರೆಯನ್ನು ನಂಬಬೇಕಾಯಿತು. ಮುದ್ರೆಯನ್ನು ಕಾಯಲೆಂದೇ ಶೆಫೀಲ್ಡಿನಲ್ಲಿ 1624ರಲ್ಲಿ ಚಾಕು ತಯಾರಕರ ಸಂಘವೊಂದು ಕಾನೂನಿನಿಂದ ಸ್ಥಾಪಿತವಾಗಿತ್ತು. ಆದರೂ ಹತ್ತೊಂಬತ್ತನೆಯ ಶತಮಾನದಲ್ಲಿ ಜರ್ಮನಿಯ ಜೋಲಿಂಗೆನ್‌ನಿಂದ ಶೆಫೀಲ್ಡಿನ ಹೆಸರು ಹೊತ್ತ ಅಗ್ಗದ ಸರಕು ಬರತೊಡಗಿತು. ಈ ಬಗೆಯ ದೂರುಗಳಿಂದ 1887ರಲ್ಲಿ ಬ್ರಿಟನ್ನಿನಲ್ಲಿ ಸರಕು ಮುದ್ರೆಗಳ ಕಾಯಿದೆ ಬಂದಿತು. ‘ಮೇಡ್ ಇನ್ ಜರ್ಮನಿ’ ಎಂಬ ಬರಹ ಹರಡಿದ್ದು ಆ ಕಾಯಿದೆಯಿಂದ. ವಿಚಿತ್ರವೆಂದರೆ, ಅದೇ ಜೋಲಿಂಗೆನ್ ಮುಂದೆ ಎಷ್ಟು ಹೆಸರು ಗಳಿಸಿತೆಂದರೆ, 1938ರಲ್ಲಿ ಆ ಊರಿನ ಹೆಸರನ್ನೇ ಕಾನೂನಿನಿಂದ ರಕ್ಷಿಸಬೇಕಾಯಿತು. ನಮ್ಮ ಮನೆಗೆ ಬಂದ ‘ಡಮಾಸ್ಕಸ್’ ಚಾಕುವೂ ಇದೇ ಸಾಲಿಗೆ ಸೇರಿದ್ದು. ನಮ್ಮ ನಾಡಿನ ಉಕ್ಕಿನ ಸಹಜ ಗೆರೆಗಳು ಬರಿಯ ಚಿತ್ರವಾಗಿ ನಮ್ಮ ಬಾಗಿಲಿಗೇ ಮರಳಿದ್ದವು.

ಆ ಚಾಕುವನ್ನು ಹಳೆಯ ಪತ್ರಿಕೆಯಲ್ಲಿ ಸುತ್ತಿಕೊಂಡು ಕಳೆದ ತಿಂಗಳು ತಾಲ್ಲೂಕು ಕೇಂದ್ರಕ್ಕೆ ಹೋದೆ. ಆ ಹುಡುಗ ಈಗ ಅಲ್ಲಿ ವೆಲ್ಡಿಂಗ್ ಅಂಗಡಿ ಇಟ್ಟಿದ್ದಾನೆ, ತಲೆ ನರೆತಿದೆ. ನಮ್ಮಲ್ಲಿ ಚಾಕುವನ್ನು ಕೈಯಿಂದ ಕೈಗೆ ಕೊಡುವುದಿಲ್ಲವಷ್ಟೆ, ಮೇಜಿನ ಮೇಲಿಟ್ಟೆ. ಅವನು ಎತ್ತಿಕೊಂಡು ಬೆರಳಿನ ಉಗುರಿನ ಮೇಲೆ ಅಲಗನ್ನು ಆಡಿಸಿ ನೋಡಿದ.

“ಉಕ್ಕು ಅಷ್ಟೇನೂ ಕೆಟ್ಟದ್ದಲ್ಲ ಸಾರ್. ಸಾಣೆ ಸರಿಯಾಗಿ ಹಿಡಿದಿಲ್ಲ, ಅಷ್ಟೆ” ಎಂದ. ಹತ್ತು ನಿಮಿಷ ಕಲ್ಲಿನ ಮೇಲೆ ಮಸೆದು ಕೊಟ್ಟ.

ಮಾಗಡಿಯ ಮೂಸೆಗಳ ಕಥೆಯನ್ನೂ ಫ್ಯಾರಡೆಯ ಕಥೆಯನ್ನೂ ಅವನಿಗೆ ಹೇಳಿದೆ. ಅಂದು ತರಗತಿಯಲ್ಲಿ ನಾನಾಡಿದ ಮಾತು ತಪ್ಪು ಎಂದೂ ಹೇಳಿದೆ. ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು, “ಅಪ್ಪ ಇದ್ದಾಗ ಹೇಳಿದ್ದರೆ ಚೆನ್ನಾಗಿತ್ತು ಸಾರ್” ಎಂದ. ಅದಕ್ಕೆ ನನ್ನಲ್ಲಿ ಉತ್ತರವಿರಲಿಲ್ಲ.

ದೂರದೂರುಗಳಲ್ಲಿರುವ ನನ್ನ ಶಿಷ್ಯರೂ ಬಂಧುಗಳೂ ಅಂತರ್ಜಾಲದಲ್ಲಿ ಚಾಕು ಕೊಳ್ಳಬಾರದೆಂದು ನಾನು ಹೇಳಲಾರೆ. ಹತ್ತಿರದ ಅಂಗಡಿಯಲ್ಲಿಯೂ ಇಂದು ಸಿಗುವುದು ಬಹುಪಾಲು ಕಾರ್ಖಾನೆಯ ಸರಕೇ. ಕೆಲವು ಉತ್ತಮ ಚಾಕುಗಳು ದೂರದಿಂದಲ್ಲದೆ ದೊರೆಯುವುದೂ ಇಲ್ಲ. ಆದರೆ ಕೊಳ್ಳುವ ಮುನ್ನ, ಇದು ಮೊಂಡಾದಾಗ ಯಾರ ಬಳಿಗೆ ಒಯ್ಯುವೆ ಎಂದು ಒಮ್ಮೆ ಯೋಚಿಸಿರಿ. ನಿಮ್ಮ ಊರಿನಲ್ಲಿ ಅಂಥವರೊಬ್ಬರು ಇನ್ನೂ ಇದ್ದರೆ, ಮನೆಯ ಹಳೆಯ ಈಳಿಗೆಯನ್ನಾದರೂ ಹಿಡಿದು ಹೋಗಿ ಬನ್ನಿ. ಹೋದಾಗ ಅವರ ಕೆಲಸದ ಬಗ್ಗೆ ಒಂದು ಒಳ್ಳೆಯ ಮಾತನ್ನೂ ಆಡಿ. ನನ್ನಂತೆ ಐವತ್ತು ವರ್ಷ ತಡಮಾಡಬೇಡಿ.