ರಾಣಿಯರೋ, ನರ್ತಕಿಯರೋ?

ಪೋಲೆಂಡಿನ ಶ್ರೀಮಂತರದ್ದೊಂದು ಹಳೇ ಪದ್ಧತಿ ಕೇಳಿದ್ದೀರಾ? 17-18ನೇ ಶತಮಾನದಲ್ಲಿ ಅಲ್ಲಿನ ದೊಡ್ಡ ಮನೆತನದವರು ಸತ್ತರೆ, ತಗಡಿನ ಮೇಲೆ ಅವರ ಮುಖ ಬರೆಸಿ ಶವಪೆಟ್ಟಿಗೆಯ ತಲೆಯ ಕಡೆ ಹಚ್ಚುತ್ತಿದ್ದರಂತೆ. ಉಳಿದ ಬದಿಗಳಲ್ಲಿ ವಂಶದ ಲಾಂಛನ, ಹೆಸರು ಬರೆದ ಫಲಕ. ಸತ್ತ ಮೇಲೂ 'ನಾನ್ಯಾರು ಗೊತ್ತಾ?' ಅಂತ ಕೇಳೋ ಏರ್ಪಾಡು!

ನಗಬೇಡಿ. ಹೆಸರಿನ ಫಲಕ ಇಲ್ಲದಿದ್ರೆ ಏನಾಗುತ್ತೆ ಅನ್ನೋದಕ್ಕೆ ನಮ್ಮ ಮೈಸೂರಲ್ಲೇ ಒಂದು ಉದಾಹರಣೆ ಇದೆ. ದೀಪಾಂಜಲಿ ನಗರದಲ್ಲಿರೋ ನಮಗೆ ಮೈಸೂರು ಅಂದ್ರೆ ಹತ್ತಿರದ ರಸ್ತೆ ಹಿಡಿದು ಸೀದಾ ಹೋದ್ರೆ ಸಿಗೋ ಊರು. ಆದ್ರೂ ಈ ಕಥೆ ನನಗೆ ಗೊತ್ತಾಗಿದ್ದು ಇತ್ತೀಚೆಗೆ...

1799ರಲ್ಲಿ ಟಿಪ್ಪು ಮಡಿದ ಮೇಲೆ ಕಂಪನಿಯವರು ಐದು ವರ್ಷದ ಮುಮ್ಮಡಿ ಕೃಷ್ಣರಾಜ ಒಡೆಯರನ್ನು ಪಟ್ಟಕ್ಕೆ ಕೂರಿಸಿದರು. ಐರ್ಲೆಂಡಿನ ಚಿತ್ರಕಾರ ಥಾಮಸ್ ಹಿಕಿ ಆ ಕಾಲದಲ್ಲೇ ಈ ಕಡೆ ಬಂದವನು. ದಿವಾನ್ ಪೂರ್ಣಯ್ಯನವರ ಚಿತ್ರ ಬರೆದ. ಅದು ಪೂರ್ಣಯ್ಯನವರೇ ಅಂತ ಇವತ್ತಿಗೂ ಗೊತ್ತು.

1805ರ ಸುಮಾರಿಗೆ ಅವನೇ ಬರೆದ ಇನ್ನೊಂದು ಚಿತ್ರದಲ್ಲಿ ಮೂವರು ಹೆಂಗಸರಿದ್ದಾರೆ. ಮೈತುಂಬ ಒಡವೆ. ಹೆಸರು ಮಾತ್ರ ಉಳಿಯಲಿಲ್ಲ. ನೋಡಿದವರು 'ನರ್ತಕಿಯರಿರಬೇಕು' ಅಂದುಕೊಂಡರು. ಅಂತಃಪುರದ ಹೆಂಗಸರು ಪರದೇಶದ ಗಂಡಸಿನ ಎದುರಿಗೆ ಬರ್ತಾರಾ? ತರ್ಕವೇನೋ ಸರಿಯಾಗೇ ಇತ್ತು!

2001ರಲ್ಲಿ ಇತಿಹಾಸಕಾರ ನೈಜಲ್ ಚಾನ್ಸೆಲರ್ ಬೇರೆಯದೇ ವಾದ ಮುಂದಿಟ್ಟರು. ಆ ಒಡವೆ, ತಲೆಯ ಅಲಂಕಾರ ಒಡೆಯರ ಅರಮನೆಯದ್ದು. ಅಕ್ಕಪಕ್ಕ ಇರೋರು ಅರಸರ ಎಳೆಯ ರಾಣಿಯರು, ಇಬ್ಬರ ಹೆಸರೂ ದೇವಾಜಮ್ಮಣ್ಣಿ. ನಡುವೆ ಇರೋರು ಅಜ್ಜಿ ಲಕ್ಷ್ಮಮ್ಮಣ್ಣಿ. ಬಲಗಡೆಯ ರಾಣಿ ಸೆರಗು ಸರಿಸಿ ತೋಳು ತೋರಿಸ್ತಿದ್ದಾರೆ. ಯಾಕೆ ಗೊತ್ತಾ? ಅದು ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗ! ಲಸಿಕೆ ಇಂಡಿಯಾಕ್ಕೆ ಬಂದಿದ್ದೇ 1802ರಲ್ಲಿ. ಜನಕ್ಕೆ ಭಯ. ರಾಣಿಯರೇ ಹಾಕಿಸಿಕೊಂಡಿದ್ದಾರೆ ಅಂದ್ರೆ ಪ್ರಜೆಗಳಿಗೆ ಧೈರ್ಯ ಬರುತ್ತಲ್ಲ?

ಚಾನ್ಸೆಲರ್ ಹೇಳಿದ್ದು ಸರಿಯಾದ್ರೆ, ಪರದೆ ದಾಟಿ ಬಂದು ನಿಂತ ಆ ಮೂವರ ಗಟ್ಟಿತನವೇ ಸುಮಾರು 200 ವರ್ಷ ಮರೆತುಹೋಗಿತ್ತು. ನರ್ತಕಿ ಅನ್ನೋದು ಅವಮಾನ ಅಂತಲ್ಲ, ಇವರು ಮಾಡಿದ ಕೆಲಸವೇ ಮರೆಯಾಯ್ತಲ್ಲ ಅಂತ. ಅಂತಸ್ತು ತೋರಿಸೋಕೆ ಒಡವೆ ಸಾಕು ಅಂದ್ಕೋತೀವಿ. ಆ ಒಡವೆ ಯಾವ ಮನೆಯದ್ದು ಅಂತ ಗುರುತು ಹಿಡಿಯೋರು ಇರೋ ತನಕ ಅಷ್ಟೇ ಅದರ ಬೆಲೆ. ದಿವಾನರ ಹೆಸರು ಉಳೀತು, ರಾಣಿಯರದ್ದು ಹೋಯ್ತು.

ಅಂದ ಹಾಗೆ, ನಿಮ್ಮನೆ ಗೋಡೆ ಮೇಲಿರೋ ಮುತ್ತಜ್ಜಿ ಫೋಟೋ ಹಿಂದೆ ಹೆಸರು ಬರೆದಿದ್ದೀರಾ? ಇಲ್ಲಾಂದ್ರೆ, ಗೊತ್ತಿರೋರು ಮನೆಯಲ್ಲಿ ಇರುವಾಗಲೇ ಕೇಳಿ ಬರೆದಿಡಿ.