ಹಿಮದ ಕಿಂಡಿ, ತೂತಿನ ಸೌಟು

ಬೂಂದಿಯನ್ನು ಎಣ್ಣೆಯಿಂದ ಎತ್ತುವ ತೂತುಗಳ ಸೌಟು ನಮ್ಮೆಲ್ಲರ ಮನೆಯಲ್ಲೂ ಇದೆ. ಊರಿನ ಅಡುಗೆಮನೆಯಲ್ಲಿ ಅದು ಜಾಲರಿ ಸೌಟು. ಮುಂಬೈ, ಪುಣೆಯಲ್ಲಿ ನೆಲೆಸಿದ ನಮ್ಮವರ ಬಾಯಲ್ಲಿ ಝಾರಾ. ಅದರ ಕೆಲಸ ಇಷ್ಟೇ: ಬೇಕಾದದ್ದು ಮೇಲೆ ಬರಬೇಕು, ಎಣ್ಣೆ ಬಾಣಲೆಯಲ್ಲೇ ಉಳಿಯಬೇಕು. ಇದೇ ಬಗೆಯ ಸೌಟು ಭೂಮಿಯ ಉತ್ತರದ ತುದಿಯಲ್ಲಿ ನೂರಾರು ವರ್ಷ ಜನರ ಹಸಿವಿಗೂ ಮೀನಿಗೂ ನಡುವೆ ನಿಂತಿತ್ತು. ಅಲ್ಲಿ ಅದು ಎತ್ತುತ್ತಿದ್ದದ್ದು ಮಂಜುಗಡ್ಡೆಯ ತುರಿಯನ್ನು, ಬಿಡುತ್ತಿದ್ದದ್ದು ನೀರನ್ನು.

ಚಳಿಗಾಲದಲ್ಲಿ ಸರೋವರದ ಮೇಲ್ಮೈ ಹೆಪ್ಪುಗಟ್ಟಿದರೂ ಅಡಿಯಲ್ಲಿ ನೀರು ನೀರಾಗಿಯೇ ಇರುತ್ತದೆ. ಸಿಹಿನೀರು ಅತಿ ಭಾರವಾಗಿರುವುದು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ. ಆ ನೀರು ತಳಕ್ಕಿಳಿಯುತ್ತದೆ, ಅದಕ್ಕಿಂತ ತಣ್ಣಗಿನದು ಮೇಲೆ ನಿಂತು ಗಡ್ಡೆಯಾಗುತ್ತದೆ. ಮೀನುಗಳು ಅಡಿಯಲ್ಲಿ ಬದುಕಿರುತ್ತವೆ. ಅವನ್ನು ಹಿಡಿಯಬೇಕಾದರೆ ಗಡ್ಡೆಯಲ್ಲಿ ಕಿಂಡಿ ಕೊರೆಯಬೇಕು. ಇಷ್ಟನ್ನು ನಾವು ಶಾಲೆಯಲ್ಲಿ ಓದಿದ್ದೇವೆ. ಕೊರೆದ ಮೇಲೆ ಏನಾಗುತ್ತದೆ ಎಂಬುದನ್ನು ಮಾತ್ರ ಪಾಠ ಹೇಳುವುದಿಲ್ಲ.

ಲೆಕ್ಕ ಹಾಕಿ ನೋಡೋಣ. ಅರ್ಧ ಮೀಟರ್ ದಪ್ಪದ ಗಡ್ಡೆಯಲ್ಲಿ 20 ಸೆಂಟಿಮೀಟರ್ ಅಗಲದ ಒಂದು ಸಣ್ಣ ಕಿಂಡಿ ಕೊರೆದರೂ 14 ಕಿಲೋಗೂ ಹೆಚ್ಚು ಮಂಜುಗಡ್ಡೆ ಪುಡಿಯಾಗುತ್ತದೆ. ಒಂದು ಮೀಟರ್ ದಪ್ಪದಲ್ಲಿ 60 ಸೆಂಟಿಮೀಟರ್ ಅಗಲದ ಕಿಂಡಿಯಾದರೆ ಸುಮಾರು 260 ಕಿಲೋ. ಕೊನೆಯ ಏಟಿಗೆ ತಳ ಒಡೆದ ಕೂಡಲೇ ನೀರು ನುಗ್ಗಿ ಮೇಲೇರುತ್ತದೆ. ಗಡ್ಡೆ ನೀರಿಗಿಂತ ಸ್ವಲ್ಪವೇ ಹಗುರ. ಹಾಗಾಗಿ ಅರ್ಧ ಮೀಟರ್ ದಪ್ಪದ ಗಡ್ಡೆಯಲ್ಲಿ ನೀರು ಅಂಚಿಗೆ ನಾಲ್ಕೇ ಸೆಂಟಿಮೀಟರ್ ಕೆಳಗೆ ಬಂದು ನಿಲ್ಲುತ್ತದೆ. ಕಿಂಡಿಯಲ್ಲಿ ಉಳಿದ ಚೂರು, ಪುಡಿ, ತುರಿ ಎಲ್ಲವೂ ಅದರ ಮೇಲೆ ತೇಲುತ್ತವೆ. ಜುಹೂ ಕಡಲತೀರದಲ್ಲಿ ಬರ್ಫ್ ಗೋಲಾ ತಿಂದವರು ಲೋಟದ ತಳದಲ್ಲಿ ಕೊನೆಗೆ ಉಳಿಯುವ ರಾಡಿಯನ್ನು ನೆನೆಸಿಕೊಳ್ಳಿ. ಕಿಂಡಿಯಲ್ಲಿರುವುದೂ ಅದೇ, ಬಣ್ಣ ಮತ್ತು ಸಕ್ಕರೆ ಇಲ್ಲ, ಅಷ್ಟೇ.

ಈ ರಾಡಿಯನ್ನು ಹಾಗೇ ಬಿಡುವಂತಿಲ್ಲ. ಅದರಲ್ಲಿ ಬಹುಪಾಲು ಆಗಲೇ ಗಡ್ಡೆ. ನಡುವಿನ ಚೂರು ನೀರು ಹೆಪ್ಪಾದರೆ ಸಾಕು, ಕಿಂಡಿ ಮುಚ್ಚಿಹೋಗುತ್ತದೆ. ಗಾಳದ ದಾರ ಅದರಲ್ಲಿ ಸಿಕ್ಕಿಕೊಳ್ಳುತ್ತದೆ, ಮೀನು ಎಳೆದದ್ದು ಕೈಗೆ ತಿಳಿಯುವುದಿಲ್ಲ. ತೂತಿಲ್ಲದ ಸೌಟಿನಿಂದ ಎತ್ತಿದರೆ ನೀರೂ ಜೊತೆಗೆ ಬಂದು ಸುತ್ತಲೂ ಚೆಲ್ಲಿ, ನಿಂತ ಜಾಗವೇ ಜಾರುವ ಗಾಜಾಗುತ್ತದೆ. ಕೈಗವಸು ನೆನೆದರೆ ಬೆರಳುಗಳಿಗೇ ಅಪಾಯ. ತೂತಿನ ಸೌಟು ಹುಟ್ಟಿದ್ದು ಈ ಇಕ್ಕಟ್ಟಿನಲ್ಲಿ.

ಕಿಂಡಿಯ ಈ ಬದುಕನ್ನು ಬರೆದಿಟ್ಟವರಲ್ಲಿ ಸ್ಯಾಮ್ಯುಯೆಲ್ ಹರ್ನ್ ಒಬ್ಬ. ಹಡ್ಸನ್ಸ್ ಬೇ ಕಂಪನಿಯ ನೌಕರನಾಗಿದ್ದ ಈತ ತಾಮ್ರದ ಗಣಿ ಹುಡುಕುತ್ತ ಇಂದಿನ ಕೆನಡಾದ ಉತ್ತರಕ್ಕೆ ನಡೆದು ಹೋದವನು. 1770ರ ಪ್ರಯಾಣದಲ್ಲಿ ಅವನಿಗೆ ದಿನಗಟ್ಟಲೆ ಊಟವಿರಲಿಲ್ಲ. ಜೊತೆಗಿದ್ದ ಸ್ಥಳೀಯ ಬೇಟೆಗಾರರು ಗಡ್ಡೆಯಡಿಯಿಂದ ತೆಗೆದ ಮೀನೂ ಅವನನ್ನು ಉಳಿಸಿತು. ಅವನು ಸತ್ತ ಮೇಲೆ, 1795ರಲ್ಲಿ ಪ್ರಕಟವಾದ ಪುಸ್ತಕದಲ್ಲಿ ಅವರ ವಿಧಾನದ ವಿವರವಿದೆ. ಒಂದೆರಡು ಅಡಿ ಅಗಲದ ಕಿಂಡಿ ಕೊರೆದು ಗಾಳ ಇಳಿಬಿಡುತ್ತಿದ್ದರು. ಗಾಳವನ್ನು ಸದಾ ಆಡಿಸುತ್ತಲೇ ಇರಬೇಕಿತ್ತು. ಅದರಿಂದ ಎರಡು ಲಾಭ: ಮೀನು ಆಸೆಪಟ್ಟು ಬರುತ್ತದೆ, ಕಲಕುವ ನೀರು ಬೇಗ ಹೆಪ್ಪುಗಟ್ಟುವುದಿಲ್ಲ. ಬಲೆ ಹಾಕುವಾಗ ಹತ್ತು ಹನ್ನೆರಡು ಅಡಿಗೊಂದರಂತೆ ಸಾಲಾಗಿ ಕಿಂಡಿಗಳನ್ನು ಕೊರೆದು, ಉದ್ದ ಕೋಲಿನ ಸಹಾಯದಿಂದ ಗಡ್ಡೆಯಡಿಯಲ್ಲೇ ಹಗ್ಗವನ್ನು ಕಿಂಡಿಯಿಂದ ಕಿಂಡಿಗೆ ದಾಟಿಸುತ್ತಿದ್ದರು. ಬಲೆ ಒಮ್ಮೆ ಕೂತ ಮೇಲೆ ಮೀನು ತೆಗೆಯಲು ಎರಡು ತುದಿಯ ಕಿಂಡಿಗಳನ್ನಷ್ಟೇ ಮತ್ತೆ ತೆರೆದರೆ ಸಾಕಿತ್ತು. ಒಂದೊಂದು ಕಿಂಡಿಯನ್ನು ತೆರೆದಿಡುವುದಕ್ಕೂ ಎಷ್ಟು ಶ್ರಮ ಬೇಕು ಎಂದು ಬಲ್ಲವರ ಲೆಕ್ಕಾಚಾರ ಇದು.

ಸೌಟನ್ನೇ ನೋಡಬೇಕಾದರೆ ಇನ್ನೊಂದು ನೂರು ವರ್ಷ ಮುಂದೆ, ಅಲಾಸ್ಕಾಕ್ಕೆ ಬರಬೇಕು. ಎಡ್ವರ್ಡ್ ವಿಲಿಯಂ ನೆಲ್ಸನ್ 1877ರಿಂದ 1881ರವರೆಗೆ ಅಲ್ಲಿನ ಸೇಂಟ್ ಮೈಕೆಲ್‌ನಲ್ಲಿ ಹವಾಮಾನ ದಾಖಲಿಸುವ ಸರ್ಕಾರಿ ಕೆಲಸದಲ್ಲಿದ್ದ. ಬಿಡುವಿನಲ್ಲಿ ಹಳ್ಳಿಹಳ್ಳಿ ಸುತ್ತಿ ಸ್ಮಿತ್‌ಸೋನಿಯನ್ ಸಂಸ್ಥೆಗಾಗಿ ಸುಮಾರು 10,000 ವಸ್ತುಗಳನ್ನು ಕೊಂಡ. ಮುಖವಾಡ, ಈಟಿಗಳ ಜೊತೆಗೆ ಸೂಜಿ, ಚಮಚ, ಚೀಲ, ಗಾಳಗಳನ್ನೂ ಕೊಳ್ಳುತ್ತಿದ್ದ ಈ ಮನುಷ್ಯನನ್ನು ಕಂಡು ಜನ ನಗುತ್ತಿದ್ದರು. ‘ಕೆಲಸಕ್ಕೆ ಬಾರದ್ದನ್ನು ಕೊಳ್ಳುವವನು’ ಎಂದೇ ಅವನಿಗೆ ಅಡ್ಡಹೆಸರು ಬಿತ್ತು. 1899ರಲ್ಲಿ ಅಚ್ಚಾದ ಅವನ ದೊಡ್ಡ ವರದಿಯಲ್ಲಿ ಈ ಹಿಮದ ಸೌಟಿಗೂ ಜಾಗ ಸಿಕ್ಕಿತು: ಮರದ ಹಿಡಿ, ಕೊಂಬಿನ ದುಂಡು ಚೌಕಟ್ಟು, ಅದರೊಳಗೆ ತೊಗಲಿನ ದಾರದಿಂದ ಹೆಣೆದ ಜಾಲರಿ. ಇತ್ತ ಮರವೇ ಬೆಳೆಯದ ಕೆನಡಾದ ಮಧ್ಯ ಆರ್ಕ್‌ಟಿಕ್‌ನಲ್ಲಿ ಇನ್ಯೂಟ್ ಜನ ಮಸ್ಕ್ ಆಕ್ಸ್ ಎಂಬ ದೊಡ್ಡ ಕಾಡುಪ್ರಾಣಿಯ ಕೊಂಬನ್ನು ಮೆದುಗೊಳಿಸಿ ಅಗಲ ಮಾಡಿ ಸೌಟು ಮಾಡಿಕೊಂಡರು. ಗಡ್ಡೆ ಒಡೆಯುವ ಅವರ ಉದ್ದನೆಯ ಉಳಿಯ ಹೆಸರು ‘ತೂಕ್’. ಉಳಿ ಮತ್ತು ಸೌಟು ಜೋಡಿಯಾಗಿಯೇ ಹೊರಡುತ್ತಿದ್ದವು.

ಮುಂದೆ ಕಬ್ಬಿಣದ ಬೈರಿಗೆ ಬಂತು, ಆಮೇಲೆ ಪೆಟ್ರೋಲ್ ಎಂಜಿನ್ನಿನದು, ಈಗ ಬ್ಯಾಟರಿಯದು. ತೂಕ್ ಹಿಡಿದು ಬಹಳ ಹೊತ್ತು ಕುಟ್ಟಬೇಕಿದ್ದ ಕಿಂಡಿ ಒಂದು ನಿಮಿಷದೊಳಗೆ ಸಿದ್ಧ. ಕೊರೆಯುವ ಕಷ್ಟ ಹೋಯಿತು. ತುರಿಯ ಕಷ್ಟ ಹೋಗಲಿಲ್ಲ, ರೂಪ ಬದಲಿಸಿತು. ಉಳಿ ಏಳಿಸುತ್ತಿದ್ದದ್ದು ಕೈಯಲ್ಲಿ ಹೆಕ್ಕಬಹುದಾದ ಚೂರು. ಬೈರಿಗೆ ಹೆರೆಯುವುದು ನುಣ್ಣನೆಯ ತುರಿ. ಬೈರಿಗೆಯ ತಿರುಪು ಬಹುಪಾಲು ತುರಿಯನ್ನು ಮೇಲಕ್ಕೆ ತರುತ್ತದೆ, ಆದರೆ ಉಳಿದದ್ದು ಗಂಜಿಯಂತೆ ಕಿಂಡಿಯಲ್ಲಿ ನಿಲ್ಲುತ್ತದೆ. ಹಾಗಾಗಿ ಬೈರಿಗೆಯ ಪೆಟ್ಟಿಗೆಯ ಪಕ್ಕದಲ್ಲಿ ಇಂದಿಗೂ ಒಂದು ಸೌಟು ಇರಲೇಬೇಕು. ಫಿನ್‌ಲೆಂಡಿನವರು ಅದನ್ನು ‘ಸೊಹ್ಯೊಕೌಹ’, ಅಂದರೆ ಹಿಮರಾಡಿಯ ಸೌಟು, ಎನ್ನುತ್ತಾರೆ. ರಷ್ಯಾದ ಮೀನುಗಾರರು ‘ಶುಮೋವ್ಕಾ’ ಎನ್ನುತ್ತಾರೆ; ಅದು ಅವರ ಅಡುಗೆಮನೆಯ ಜಾಲರಿ ಸೌಟಿನ ಹೆಸರೇ. ಆಳವಿಲ್ಲದ ಕಡೆ ಬೆಳಕು ಇಳಿದು ಮೀನು ಬೆದರದಿರಲೆಂದು ತುಸು ತುರಿಯನ್ನು ಬೇಕೆಂದೇ ಬಿಡುವವರೂ ಇದ್ದಾರೆ. ಎಷ್ಟು ತೆಗೆಯಬೇಕು, ಎಷ್ಟು ಬಿಡಬೇಕು ಎಂಬುದು ಈಗಲೂ ಕೈಗೆ ಗೊತ್ತಿರುವ ವಿದ್ಯೆ.

ಇತಿಹಾಸ ಬರೆಯುವವರಿಗೆ ಕೊರೆಯುವುದು ಇಷ್ಟ. ಹೊಸ ಬೈರಿಗೆ ಬಂದ ವರ್ಷ, ಹೊಸ ದಾರಿ ಕಂಡ ವರ್ಷ ದಾಖಲೆಗೆ ಸಿಗುತ್ತದೆ. ತೆರೆದದ್ದನ್ನು ಮುಚ್ಚದಂತೆ ಕಾಯುವ ಕೆಲಸಕ್ಕೆ ವರ್ಷವಿಲ್ಲ. ಅದನ್ನು ಇವತ್ತು ಮಾಡಬೇಕು, ಗಂಟೆ ಬಿಟ್ಟು ಮತ್ತೆ ಮಾಡಬೇಕು. ಮೂವತ್ತು ಡಿಗ್ರಿ ಮೈನಸ್‌ನಲ್ಲಿ ಒಂದು ಮನೆಯ ಊಟ ನಿಂತಿದ್ದದ್ದು ಮಾತ್ರ ಅದರ ಮೇಲೆ. ನೆಲ್ಸನ್ ಆ ‘ಕೆಲಸಕ್ಕೆ ಬಾರದ್ದನ್ನು’ ಕೊಂಡಿದ್ದರಿಂದ ನಮಗೆ ಇಷ್ಟಾದರೂ ತಿಳಿಯಿತು.

ಆ ಚಳಿಯಲ್ಲಿ ಸೌಟಿನ ತೂತುಗಳೂ ಹೆಪ್ಪುಗಟ್ಟುತ್ತವೆ. ಆಗ ಮೀನುಗಾರ ಅದನ್ನು ಗಡ್ಡೆಯ ಅಂಚಿಗೆ ಎರಡು ಸಲ ಕುಟ್ಟಿ, ಅಂಟಿದ್ದನ್ನು ಉದುರಿಸಿ, ಮತ್ತೆ ಕಿಂಡಿಗೆ ಇಳಿಸುತ್ತಾನೆ. ಮುಂದಿನ ಹಬ್ಬಕ್ಕೆ ನಿಮ್ಮ ಮನೆಯಲ್ಲಿ ಬೂಂದಿ ಕರಿಯುವಾಗ ಬಾಣಲೆಯ ಅಂಚಿಗೆ ಝಾರಾ ತಟ್ಟುವ ಕೈಯನ್ನು ಒಮ್ಮೆ ಗಮನಿಸಿ.