ಪಟ್ಟ, ಪಟ್ಟಿ, ಲೇಪ: ಗಾಯ ಮುಚ್ಚುವ ಮಾತುಗಳು

ಹಾನಗಲ್ಲಿನ ವೀರಗಲ್ಲುಗಳನ್ನು ಕಂಡ ವಾಚಕರಿಗೆ ಅವುಗಳ ಕ್ರಮವು ತಿಳಿದದ್ದೇ. ಕೆಳಗೆ ಕಾಳಗ, ನಡುವೆ ಅಪ್ಸರೆಯರೊಡನೆ ಏರುವ ವೀರ, ಮೇಲೆ ಶಿವಸಾನ್ನಿಧ್ಯ. 1196ರಲ್ಲಿ ಹೊಯ್ಸಳ ಇಮ್ಮಡಿ ಬಲ್ಲಾಳನು ಆನೆಕೆರೆಯ ಬಳಿ ಬೀಡುಬಿಟ್ಟು ಹಾನಗಲ್ಲನ್ನು ಮುತ್ತಿದಾಗ ಕದಂಬ ಕಾಮದೇವನ ದಂಡನಾಯಕ ಸೋಹಣಿಯು ಕಾದಿ ಮಡಿದನು. ಮಡಿದವನ ಹೆಸರು ಉಳಿಯಿತು. ಗಾಯಗೊಂಡು ಬದುಕಿದವರ ಗಾಯಗಳನ್ನು ಏನನ್ನಿಟ್ಟು ಕಟ್ಟಿದರೆಂಬುದನ್ನು ವೀರಗಲ್ಲು ಹೇಳದು. ಅದರ ಕುರುಹನ್ನು ಮಾತುಗಳಲ್ಲಿಯೇ ಅರಸಬೇಕು.

ಇಂದು ಶಿಗ್ಗಾಂವಿಯ ದವಾಖಾನೆಯಲ್ಲಾಗಲಿ ಹಿರೇಕೆರೂರಿನದರಲ್ಲಾಗಲಿ ನಮ್ಮ ಜನರ ಮಾತು ಒಂದೇ: ‘ಪಟ್ಟಿ ಕಟ್ಟರಿ.’ ಆಂಗ್ಲರಲ್ಲಿ ಇದಕ್ಕೆ ಬೇರೆಬೇರೆ ಹೆಸರುಗಳುಂಟು. ಗಾಯಕ್ಕೆ ತಗಲುವಂತೆ ಇಡುವದು ಡ್ರೆಸಿಂಗ್. ಅದು ಜಾರದಂತೆ ಹಿಡಿಯುವ ಸುತ್ತುಬಟ್ಟೆ ಬ್ಯಾಂಡೇಜ್. ತಾನೇ ಚರ್ಮಕ್ಕೆ ಅಂಟಿಕೊಳ್ಳುವದು ಪ್ಲಾಸ್ಟರ್. ಮೊದಲಿನದು ‘ಅಣಿಗೊಳಿಸು’ ಎಂಬರ್ಥದ ಫ್ರೆಂಚ್ ಮಾತಿನಿಂದಲೂ, ಎರಡನೆಯದು ಪಟ್ಟಿಯೆಂಬರ್ಥದ ಫ್ರೆಂಚ್ ಮಾತಿನಿಂದಲೂ, ಮೂರನೆಯದು ‘ಮೆತ್ತು’ ಎಂಬರ್ಥದ ಗ್ರೀಕ್ ಮಾತಿನಿಂದಲೂ ಹುಟ್ಟಿದವು.

ಪ್ಲಾಸ್ಟರಿನ ಗತಿ ವಿಚಿತ್ರವಾದದ್ದು. ಬಟ್ಟೆಗೆ ಸವರಿದ ಔಷಧಕ್ಕೆ ಇದ್ದ ಹೆಸರು ಗೋಡೆಯ ಗಿಲಾವಿಗೂ ಸಂದಿತು. 1852ರಲ್ಲಿ ಡಚ್ ಸೈನ್ಯವೈದ್ಯ ಮಾಥೈಸನ್ನನು ಜಿಪ್ಸಮ್ ಪುಡಿ ತುಂಬಿದ ಬಟ್ಟೆಯಿಂದ ಮುರಿದ ಎಲುಬು ಕಟ್ಟುವ ವಿಧಾನವನ್ನು ಪ್ರಕಟಿಸಿದ ಮೇಲೆ ಅದೇ ಹೆಸರು ಎಲುಬಿನ ಕವಚಕ್ಕೂ ನಿಂತಿತು. ನಮ್ಮಲ್ಲಿ ಹೆಚ್ಚಾಗಿ ಬೇರೂರಿದ್ದು ಈ ಕಡೆಯ ಅರ್ಥವೇ. ಬೆರಳು ಕೊಯ್ದುಕೊಂಡ ಇಂಗ್ಲಂಡಿನವನು ಪ್ಲಾಸ್ಟರ್ ಬೇಡಿದರೆ ನಮ್ಮ ಹಳ್ಳಿಗನು ಎಲುಬೇ ಮುರಿಯಿತೆಂದು ಗಾಬರಿಗೊಂಡಾನು! ಇನ್ನು ಪೋಲ್ಟೀಸಿನ ಮೂಲವು ಲ್ಯಾಟಿನ್ನರ ಗಂಜಿ. ಅಗಸಿ ಹಿಟ್ಟು ಕುದಿಸಿ ಬಾವಿನ ಮೇಲೆ ಕಟ್ಟಿದ ಅಜ್ಜಿಯರಿಗೆ ಈ ವ್ಯುತ್ಪತ್ತಿಯು ಸೋಜಿಗವೆನಿಸದು.

ಈ ಭೇದಗಳೆಲ್ಲ ಪರದೇಶದಿಂದಲೇ ಬಂದವೆಂದು ತಿಳಿಯಲಾಗದು. ಸುಶ್ರುತಸಂಹಿತೆಯ ಸೂತ್ರಸ್ಥಾನದ 18ನೆಯ ಅಧ್ಯಾಯವು ಇದೇ ವಿಷಯಕ್ಕೆ ಮೀಸಲು. ಮೆತ್ತುವದರಲ್ಲಿ ಪ್ರಲೇಪ, ಪ್ರದೇಹ, ಆಲೇಪವೆಂದು ಮೂರು ಬಗೆ; ಲೇಪವನ್ನು ಕೂದಲಿನ ಇಳಿಮುಖಕ್ಕೆ ಎದುರಾಗಿ ಹಚ್ಚಬೇಕು. ಗಾಯದೊಳಗೆ ಇಡುವ ಔಷಧದ ಬತ್ತಿಯು ವಿಕೇಶಿಕೆ. ಅದು ಅತಿ ಜಿಡ್ಡಾಗಿಯೂ ಅತಿ ಒಣಗಿಯೂ ಇರಬಾರದು. ಅದರ ಮೇಲೆ ದಪ್ಪನಾದ ಮೆತ್ತೆ, ಅದೇ ಕವಲಿಕೆ. ಆ ಮೇಲೆ ಬಂಧ, ಅದರಲ್ಲಿ 14 ಬಗೆ. ತೊಡೆಗೂ ತಲೆಗೂ ಬಿಗಿಯಾಗಿ, ಕೈಕಾಲುಗಳಿಗೆ ಸಮನಾಗಿ, ಕಣ್ಣಿಗೂ ಸಂದುಗಳಿಗೂ ಸಡಿಲಾಗಿ ಕಟ್ಟಬೇಕು; ಗಂಟು ಮಾತ್ರ ಗಾಯದ ಮೇಲೆ ಬರಕೂಡದು. ಇಷ್ಟು ವಿವರವನ್ನು ಸ್ವತಃ ಕಟ್ಟಿ ಬಲ್ಲವರೇ ಬರೆದಾರು.

ಕಟ್ಟುವ ಬಟ್ಟೆಗೆ ಸಂಸ್ಕೃತದಲ್ಲಿ ಪಟ್ಟವೆಂದೇ ಹೆಸರು. ಅರಸನ ಹಣೆಗೆ ಕಟ್ಟುವದೂ ಪಟ್ಟ, ಬಂಟನ ತೊಡೆಯ ಗಾಯಕ್ಕೆ ಕಟ್ಟುವದೂ ಪಟ್ಟ! ಪಾನುಂಗಲ್ ಐನೂರರ ಒಡೆಯನಿಗೂ ಅವನಿಗಾಗಿ ಕಾದಿದವನಿಗೂ ಒಂದೇ ಶಬ್ದವು ಸಲ್ಲುತ್ತಿತ್ತು. ಮುಲಾಮು ಎಂಬುದು ಅರಬ್ಬಿಯ ಮರ್ಹಮಿನಿಂದ ಬಂದದ್ದು. 1948ರ ವರೆಗೆ ನವಾಬರಾಳಿದ ಸವಣೂರಿನ ಮಗ್ಗುಲಲ್ಲಿ ಬೆಳೆದ ನಮಗೆ ಇಂಥ ಮಾತುಗಳು ಪರಕೀಯವೆನಿಸವು. ಹಿರೇಕೆರೂರಿನ ನೆರೆಯ ಬಳ್ಳಿಗಾವೆಯಲ್ಲಿ ಅನಾಥ ರೋಗಿಗಳಿಗೆ ಔಷಧೋಪಚಾರದ ಸ್ಥಾನವಾಗಿ ಕೋಡಿಯ ಮಠವು 1162ರ ಶಾಸನದಲ್ಲಿ ಹೊಗಳಲ್ಪಟ್ಟಿದೆ. ಆದುದರಿಂದ ಈ ಸೀಮೆಯಲ್ಲಿ ಉಪಚಾರಕ್ಕೆ ಬಡತನವಿರಲಿಲ್ಲ. ಮಾತಿಗೆ ಬಡತನ ಬಂದದ್ದು ತರುವಾಯ.

ಈ ಬಡತನವು ಬರಿಯ ಪಂಡಿತರ ಚಿಂತೆಯಲ್ಲ. ಒಳಗಿಡುವದಕ್ಕೂ ಮೇಲೆ ಸುತ್ತುವದಕ್ಕೂ ‘ಪಟ್ಟಿ’ ಒಂದೇ ಆದ್ದರಿಂದ ಹಸಿಗಾಯಕ್ಕೆ ನೇರವಾಗಿ ಒಣ ಅರಿವೆಯನ್ನು ಸುತ್ತುವ ಮನೆಗಳು ಇಂದಿಗೂ ಉಂಟು. ಅದನ್ನು ಬಿಚ್ಚುವಾಗ ಹೊಸದಾಗಿ ಕೂಡಿದ ಚರ್ಮವೂ ಕಿತ್ತುಬರುವದು. ಕವಲಿಕೆಯು ನಾಲಗೆಗೆ ಕಠಿಣವಾದ ಮಾತಲ್ಲ. ಶಾಲೆಯ ಆರೋಗ್ಯಪಾಠದಲ್ಲಿ ಅದನ್ನು ಪಟ್ಟಿಯ ಪಕ್ಕದಲ್ಲಿಟ್ಟು ಕಲಿಸಬಹುದು. ಅದು ಒಗ್ಗದಿದ್ದರೆ ‘ಒಳಮೆತ್ತೆ’ ಎಂದರೂ ಸಾಕು.